ನೈಟಿಯ ಮೇಲೊಂದು ಟವೆಲ್: ಮುಂಬೈಯಲ್ಲಿ ಹೆಣ್ಣಿನ ಬಟ್ಟೆಗೆ ನಿಯಮ ಹಾಕುವವರು ಯಾರು?

ಮುಂಬೈ ಬಗ್ಗೆ ಊರಲ್ಲಿ ಒಂದು ಮಾತಿದೆ: ಅಲ್ಲಿ ಯಾರು ಏನು ಹಾಕಿಕೊಂಡರೂ ಯಾರೂ ತಿರುಗಿ ನೋಡುವುದಿಲ್ಲ. ಅರ್ಧ ನಿಜ. ಬೆಳಗ್ಗೆ ಒಂಬತ್ತೂವರೆಗೆ ಸಿಎಸ್‌ಎಂಟಿ ಸ್ಟೇಷನ್ನಿನಲ್ಲಿ ನಿಂತು ನೋಡಿ. ಕಚ್ಚೆ ಸೀರೆ, ಬುರ್ಖಾ, ಕುರ್ತಿ, ಫಾರ್ಮಲ್ ಪ್ಯಾಂಟು, ಮೊಣಕಾಲು ಕಾಣುವ ಫ್ರಾಕು, ಎಲ್ಲವೂ ಒಂದೇ ಬಾಗಿಲಿನಿಂದ ಹೊರಗೆ ಬರುತ್ತವೆ. ನೋಡುತ್ತ ನಿಲ್ಲಲು ಯಾರಿಗೂ ಪುರುಸೊತ್ತಿಲ್ಲ.

ಅದೇ ಫ್ರಾಕಿನ ಹುಡುಗಿ ಸಂಜೆ ಡೊಂಬಿವಲಿಯಲ್ಲಿ ಇಳಿಯುವ ಹೊತ್ತಿಗೆ ಬ್ಯಾಗಿನಿಂದ ಒಂದು ಸ್ಟೋಲ್ ಹೊರಗೆ ಬಂದಿರುತ್ತದೆ. ಬಿಲ್ಡಿಂಗಿನ ಗೇಟು ದಾಟುವಾಗ ಅದು ಹೆಗಲ ಮೇಲೆ. ಭಾನುವಾರ ಸಂಘದ ವಾರ್ಷಿಕೋತ್ಸವಕ್ಕೆ ಹೋಗುವಾಗ ಸೀರೆ, ಮುಡಿಗೆ ಮಲ್ಲಿಗೆ. ಮೇ ತಿಂಗಳಲ್ಲಿ ಊರಿಗೆ ಹೋಗುವ ಮತ್ಸ್ಯಗಂಧ ರೈಲು ಹತ್ತುವಾಗ ಜೀನ್ಸು. ನಸುಕಿನಲ್ಲಿ ಕುಂದಾಪುರ ಬರುವ ಮೊದಲೇ ಚೂಡಿದಾರ, ಹಣೆಗೆ ಬೊಟ್ಟು, ಕೈಗೆ ಎರಡು ಬಳೆ.

ಇದನ್ನೆಲ್ಲ ಅವಳಿಗೆ ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿಲ್ಲ. ಎಲ್ಲೂ ಬರೆದಿಟ್ಟಿಲ್ಲ. ಆದರೂ ಅವಳಿಗೆ ಒಂದು ಸಲವೂ ಲೆಕ್ಕ ತಪ್ಪುವುದಿಲ್ಲ. ಬರೆಯದ ನಿಯಮ ಇಷ್ಟು ಕರಾರುವಾಕ್ಕಾಗಿ ನಡೆಯುವುದು ಹೇಗೆ ಎಂದು ಸ್ವಲ್ಪ ಬಿಡಿಸಿ ನೋಡೋಣ.

ಮೈ ಕಾಣುವ ಲೆಕ್ಕ ತಾಳೆಯಾಗುವುದಿಲ್ಲ

ಮೈ ಎಷ್ಟು ಕಾಣುತ್ತದೆ ಎಂಬುದರ ಮೇಲೆ ಈ ನಿಯಮ ನಿಂತಿದೆ ಅಂತ ಸಾಮಾನ್ಯವಾಗಿ ಅಂದುಕೊಳ್ಳುತ್ತೇವೆ. ಸುತ್ತ ಕಣ್ಣು ಹಾಯಿಸಿದರೆ ಹಾಗೆ ಅನ್ನಿಸುವುದಿಲ್ಲ.

ಬೆಳಗಿನ ಜಾವ ಸಸೂನ್ ಡಾಕ್‌ಗೆ ಹೋಗಿ. ಕೋಲಿ ಸಮಾಜದ ಮೀನುಗಾರ ಹೆಂಗಸರು ಸೀರೆಯನ್ನು ಕಚ್ಚೆ ಹಾಕಿ, ಮೊಣಕಾಲಿಗೆ ಎತ್ತಿ ಕಟ್ಟಿಕೊಂಡು ವ್ಯಾಪಾರ ಮಾಡುತ್ತಿರುತ್ತಾರೆ. ಕಾಲು ಕಾಣುತ್ತದೆ. ಅದನ್ನು ಅಸಭ್ಯ ಅಂತ ಯಾರೂ ಅಂದದ್ದು ನಾನು ಕೇಳಿಲ್ಲ. ಅಷ್ಟೇ ಉದ್ದದ ಸ್ಕರ್ಟು ಹಾಕಿಕೊಂಡು ಹೋದರೆ ಮಾತ್ರ ದೇವಸ್ಥಾನದ ಬಾಗಿಲಲ್ಲಿ ತಕರಾರು ಬರಬಹುದು. ಸೀರೆಯಲ್ಲಿ ಸೊಂಟ ಕಾಣುತ್ತದೆ, ಬೆನ್ನು ಕಾಣುತ್ತದೆ. ಚೂಡಿದಾರ ಕತ್ತಿನಿಂದ ಹಿಮ್ಮಡಿವರೆಗೆ ಮುಚ್ಚುತ್ತದೆ. ಆದರೂ ನಮ್ಮ ತಾಯಂದಿರ ಕಾಲದಲ್ಲಿ ಸೀರೆ ಲಕ್ಷಣ, ಚೂಡಿದಾರ ಫ್ಯಾಷನ್. ಮದುವೆಯಾದ ಮೇಲೆ ಅದನ್ನು ಹಾಕಬೇಕಾದರೆ ಅತ್ತೆಯ ಒಪ್ಪಿಗೆ ಬೇಕಿತ್ತು.

ಇನ್ನೊಂದು ಕಡೆ ನೋಡಿ. ಕಲಬುರಗಿ, ವಿಜಯಪುರ, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ನಮ್ಮ ಹೆಂಗಸರು ಬೆಳಗ್ಗೆ ನಾಕಾದಲ್ಲಿ ಕೂಲಿಗಾಗಿ ನಿಂತಿರುತ್ತಾರೆ. ಸೀರೆಯ ಮೇಲೆ ಗಂಡನದ್ದೋ ಮಗನದ್ದೋ ಹಳೇ ಫುಲ್ ತೋಳಿನ ಶರ್ಟು. ತಲೆಗೆ ಟವೆಲ್. ಸಿಮೆಂಟಿನ ಧೂಳು, ಬಿಸಿಲು, ಜಾರುವ ಸೆರಗು, ಮೂರಕ್ಕೂ ಆ ಶರ್ಟೇ ಮದ್ದು. ಗಂಡಸರ ಬಟ್ಟೆ ಹಾಕಿಕೊಂಡಿದ್ದಾಳೆ ಅಂತ ಅವಳನ್ನು ಯಾರೂ ಗಂಡುಬೀರಿ ಅನ್ನುವುದಿಲ್ಲ. ಏಕೆಂದರೆ ಅವಳನ್ನು ಯಾರೂ ನೋಡುತ್ತಲೇ ಇಲ್ಲ. ಕೂಲಿಯವಳು ಅಂತ ಗೊತ್ತಾದ ಕೂಡಲೇ ನಮ್ಮ ನಿಯಮದ ಪಟ್ಟಿಯಿಂದ ಅವಳ ಹೆಸರು ಬಿಟ್ಟುಹೋಗುತ್ತದೆ. ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಇದನ್ನು ಸ್ವಾತಂತ್ರ್ಯ ಅಂತ ಕರೆಯಲು ನನಗಂತೂ ಬಾಯಿ ಬರುವುದಿಲ್ಲ.

ಹಾಗಾದರೆ ನೋಡುವವರು ಏನನ್ನು ನೋಡುತ್ತಾರೆ? ಮನೆಯನ್ನು. ಹೆಣ್ಣಿನ ಬಟ್ಟೆ ನಮ್ಮಲ್ಲಿ ರೇಷನ್ ಕಾರ್ಡಿನ ಕೆಲಸ ಮಾಡುತ್ತದೆ: ಯಾವ ಊರು, ಯಾವ ಮನೆ, ಮದುವೆಯಾಗಿದೆಯೋ ಇಲ್ಲವೋ, ಗಂಡ ಇದ್ದಾನೋ ಇಲ್ಲವೋ, ಮನೆಯಲ್ಲಿ ಹಿರಿಯರ ಮಾತು ನಡೆಯುತ್ತದೋ ಇಲ್ಲವೋ, ಎಲ್ಲ ಅದರಲ್ಲೇ ಸಿಗಬೇಕು. ಕರಿಮಣಿ, ಕಾಲುಂಗುರ, ಹಣೆಯ ಬೊಟ್ಟು, ಹಸಿರು ಬಳೆ ಒಂದೊಂದು ವಿವರ. ಗಂಡಸು ಬನಿಯನ್ನಿನಲ್ಲಿ ಗೇಟಿನ ಹತ್ತಿರ ನಿಂತು ಹಲ್ಲುಜ್ಜಿದರೆ ಅದು ಅವನ ಸೋಮಾರಿತನ, ಅಷ್ಟೇ. ಅವನ ತಾಯಿಯನ್ನು ಯಾರೂ ಬೈಯುವುದಿಲ್ಲ. ಹುಡುಗಿಯ ಬಟ್ಟೆ ಸರಿ ಕಾಣದಿದ್ದರೆ ಮೊದಲ ಪ್ರಶ್ನೆಯೇ "ಅವಳಮ್ಮ ಹೇಳುವುದಿಲ್ವಾ?"

ಈ ಪ್ರಶ್ನೆಯಲ್ಲೇ ಎಲ್ಲ ಕೀಲಿಯೂ ಇದೆ. ತಪ್ಪಿನ ದಂಡ ಹುಡುಗಿಗಿಂತ ಮೊದಲು ತಾಯಿಗೆ, ಸೊಸೆಗಿಂತ ಮೊದಲು ಅತ್ತೆಗೆ ಬೀಳುತ್ತದೆ. ಹಾಗಾಗಿ ಕಾವಲು ಕಾಯುವ ಕೆಲಸವೂ ಅವರ ಪಾಲಿಗೇ ಬಂದಿದೆ. "ಹೆಂಗಸರೇ ಹೆಂಗಸರಿಗೆ ಶತ್ರು" ಅಂತ ಗಂಡಸರು ನಗುತ್ತ ಹೇಳುವುದುಂಟು. ನಿಯಮದಿಂದ ಲಾಭ ಪಡೆಯುವವರು ಒಬ್ಬರು, ಅದನ್ನು ಜಾರಿ ಮಾಡುವ ಕೆಟ್ಟ ಹೆಸರು ಹೊರುವವರು ಇನ್ನೊಬ್ಬರು. ಅಪ್ಪ ಬಾಯಿ ಬಿಡಬೇಕಾದ ಪ್ರಸಂಗವೇ ಬರುವುದಿಲ್ಲ. ಅಮ್ಮ ಮೊದಲೇ ಹೇಳಿ ಮುಗಿಸಿರುತ್ತಾಳೆ.

ವಲಸೆ ಬಂದವರಲ್ಲಿ ಇದು ಇನ್ನೂ ಒಂದು ಸುತ್ತು ಬಿಗಿ. ಊರಲ್ಲಾದರೆ ಮನೆತನ ಏನು ಅಂತ ಎಲ್ಲರಿಗೂ ಗೊತ್ತು. ದಿನಾ ನೋಡುತ್ತಿರುತ್ತಾರೆ. ಮುಂಬೈಯಲ್ಲಿ ಮುಲುಂಡಿನವರಿಗೆ ಮೀರಾ ರೋಡಿನವರು ಸಿಗುವುದೇ ಅಪರೂಪ. ಕುರ್ಲಾದ ಬಂಟರ ಸಂಘದಲ್ಲಿ ಒಂದು ಮದುವೆ, ಸಾಂತಾಕ್ರೂಜ್‌ನ ಬಿಲ್ಲವ ಭವನದಲ್ಲಿ ಒಂದು ಪೂಜೆ, ಮಾಟುಂಗಾದ ಮೈಸೂರು ಅಸೋಸಿಯೇಷನ್‌ನಲ್ಲಿ ಒಂದು ನಾಟಕ. ವರ್ಷವಿಡೀ ನೋಡಬೇಕಾದದ್ದನ್ನು ಆ ಮೂರು ಗಂಟೆಯಲ್ಲೇ ನೋಡಿ ಮುಗಿಸಬೇಕು. ಮದುವೆ ಸಂಬಂಧಗಳು ಕುದುರುವುದೂ ಅಲ್ಲೇ. ಊಟದ ಸಾಲಿನಲ್ಲಿ "ಆ ನೀಲಿ ಸೀರೆಯ ಹುಡುಗಿ ಯಾರ ಮಗಳು?" ಅಂತ ಒಬ್ಬರು ಕೇಳಿದರೆ ನಾಲ್ಕು ಕುತ್ತಿಗೆ ಒಟ್ಟಿಗೆ ತಿರುಗುತ್ತದೆ. ತಾಯಂದಿರು ಆ ಮೂರು ಗಂಟೆಗೆ ಯಾಕೆ ಅಷ್ಟು ಗಡಿಬಿಡಿ ಮಾಡುತ್ತಾರೆ ಅಂತ ಈಗ ಅರ್ಥ ಆಗುತ್ತದೆ ಅಲ್ವಾ?

ಇನ್ನೊಂದು ಸಂಗತಿ. ಹೋಟೆಲಿನ ಕೆಲಸಕ್ಕೆ ಕರಾವಳಿಯಿಂದ ಬಂದ ಗಂಡಸರು ಪಂಚೆ ಬಿಟ್ಟು ಪ್ಯಾಂಟು ಹಾಕಲು ಜಾಸ್ತಿ ದಿನ ತೆಗೆದುಕೊಳ್ಳಲಿಲ್ಲ. ಆಗ ಸಂಸ್ಕೃತಿ ಹೋಯಿತು ಅಂತ ಯಾರೂ ಅಳಲಿಲ್ಲ. ಆಮೇಲೆ ಬಂದ ಹೆಂಗಸರ ಸೆರಗಿಗೆ ಮಾತ್ರ ಇಡೀ ಊರನ್ನು ಕಟ್ಟಿ ಕಳಿಸಿದರು.

ನೈಟಿಯ ಕಥೆ

ಈ ನಿಯಮ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಲು ನೈಟಿಗಿಂತ ಒಳ್ಳೆಯ ಬಟ್ಟೆ ಇಲ್ಲ. ಕತ್ತಿನಿಂದ ಪಾದದವರೆಗೆ ಚೀಲದ ಹಾಗೆ ಇಳಿಯುವ ಬಟ್ಟೆ. ಮೈ ಕಾಣುವ ಮಾತೇ ಇಲ್ಲ. ಒಗೆಯಲು ಸುಲಭ, ಇಸ್ತ್ರಿ ಬೇಡ, ಮೇ ತಿಂಗಳ ಸೆಕೆಗೆ ಹೇಳಿ ಮಾಡಿಸಿದ್ದು. ಒಂದು ರೂಮ್, ಒಂದು ಅಡುಗೆಮನೆಯ ಮನೆಯಲ್ಲಿ ಸೀರೆ ಬದಲಾಯಿಸಲು ಮರೆಯಾದ ಜಾಗವೇ ಇಲ್ಲದವರಿಗೆ ಇದು ದೊಡ್ಡ ಉಪಕಾರ. ಹಾಗಾಗಿ ಮನೆಗೆಲಸದ ಬಟ್ಟೆಯಾಗಿ ಬಹಳ ಕಡೆ ಅದೇ ಗೆದ್ದಿತು.

ಸಮಸ್ಯೆ ಶುರುವಾಗುವುದು ಹೊಸ್ತಿಲು ದಾಟಿದಾಗ. ಹಾಲಿನವನು ಬಂದ, ಕಸದವಳು ಬಂದಳು, ಕೆಳಗೆ ತರಕಾರಿ ಗಾಡಿ ನಿಂತಿದೆ. ಆಗ ಹೆಗಲ ಮೇಲೆ ಒಂದು ವೇಲ್ ಬೀಳುತ್ತದೆ. ವೇಲ್ ಕೈಗೆ ಸಿಗದಿದ್ದರೆ ಹಗ್ಗದ ಮೇಲೆ ಒಣಗಲು ಹಾಕಿದ್ದ ಟವೆಲ್. ಟವೆಲ್ಲಿಗೂ ನೈಟಿಗೂ ಬಣ್ಣದ ಸಂಬಂಧವೇ ಇರುವುದಿಲ್ಲ. ಅದರಿಂದ ಹೊಸದಾಗಿ ಏನೂ ಮುಚ್ಚುವುದೂ ಇಲ್ಲ. ಆದರೂ ಕೆಲಸ ಆಗುತ್ತದೆ. "ನಾನು ಮನೆಬಟ್ಟೆಯಲ್ಲಿದ್ದೇನೆ ಅಂತ ನನಗೆ ಗೊತ್ತು, ನಿಯಮ ಮರೆತಿಲ್ಲ" ಅಂತ ಎದುರಿನವರಿಗೆ ತಿಳಿಸಿದರೆ ಸಾಕು. ಆ ಟವೆಲ್ ಮೈಗೆ ಹಾಕಿದ್ದಲ್ಲ, ನೋಡುವವರ ಬಾಯಿಗೆ ಹಾಕಿದ್ದು.

2014ರಲ್ಲಿ ನವಿ ಮುಂಬೈಯ ಗೋಠಿವಲಿ ಎಂಬ ಹಳ್ಳಿಯಲ್ಲಿ ಈ ನೈಟಿ ಸುದ್ದಿಗೆ ಬಂತು. ಹಗಲು ಹೊತ್ತಿನಲ್ಲಿ ಹೆಂಗಸರು ನೈಟಿ ಹಾಕಿಕೊಂಡು ಓಡಾಡಬಾರದು, ಕಂಡರೆ 500 ರೂಪಾಯಿ ದಂಡ ಅಂತ ಬೋರ್ಡು ಬಿತ್ತು. ಹಾಕಿಸಿದ್ದು ಪಂಚಾಯಿತಿಯ ಗಂಡಸರಲ್ಲ, ಅಲ್ಲಿನ ಮಹಿಳಾ ಮಂಡಳಿ. 2018ರಲ್ಲಿ ಆಂಧ್ರದ ಪಶ್ಚಿಮ ಗೋದಾವರಿ ಜಿಲ್ಲೆಯ ತೋಕಲಪಲ್ಲಿಯಲ್ಲೂ ಇಂಥದ್ದೇ ನಿಷೇಧ ಬಂತು. ಅಲ್ಲಿ ಬೆಳಗ್ಗೆ 7ರಿಂದ ಸಂಜೆ 7ರವರೆಗೆ, ದಂಡ 2000 ರೂಪಾಯಿ. ಇಂಥ ದಂಡಕ್ಕೆ ಕಾನೂನಿನಲ್ಲಿ ಆಧಾರ ಇಲ್ಲ. ಬಟ್ಟೆ ಅದೇ, ಮೈ ಅದೇ. ಗಡಿಯಾರ ನೋಡಿ ಮರ್ಯಾದೆ ಬದಲಾಗುತ್ತದೆ. ರಾತ್ರಿಯ ಹೆಸರಿರುವ ಬಟ್ಟೆ ಹಗಲಲ್ಲಿ ಬೀದಿಗೆ ಬಂದರೆ ಒಳಗಿನದ್ದು ಹೊರಗೆ ಬಂದಂತೆ ಅನ್ನುವುದು ಲೆಕ್ಕ. ಹೊಸ್ತಿಲಿನ ಒಳಗೆ, ಹೊರಗೆ ಎಂಬ ಗೆರೆಯನ್ನು ಹೆಂಗಸರ ಮೈಮೇಲೆ ಎಳೆದದ್ದು ಇದು.

"ನಮ್ಮ ಸಂಪ್ರದಾಯ" ಎಷ್ಟು ಹಳೆಯದು?

ಈಗ ಸಾಂಪ್ರದಾಯಿಕ ಉಡುಗೆ ಅಂದರೆ ಕಣ್ಣ ಮುಂದೆ ಬರುವುದು ಲಂಗ, ರವಿಕೆ, ಮುಂದೆ ನೆರಿಗೆ, ಎಡಭುಜದ ಮೇಲೆ ಸೆರಗು. ಈ ಜೋಡಣೆ ದೇಶದ ತುಂಬ ಹರಡುವುದರಲ್ಲಿ ಮುಂಬೈಯ ಪಾಲೂ ಇದೆ ಅಂತ ಜಾಸ್ತಿ ಜನಕ್ಕೆ ಗೊತ್ತಿಲ್ಲ.

ಸತ್ಯೇಂದ್ರನಾಥ ಟಾಗೋರ್ ಬ್ರಿಟಿಷರ ಕಾಲದ ಐಸಿಎಸ್ ಪರೀಕ್ಷೆ ಪಾಸಾದ ಮೊದಲ ಭಾರತೀಯ. 1860ರ ದಶಕದಲ್ಲಿ ಅವರಿಗೆ ಕೆಲಸ ಸಿಕ್ಕಿದ್ದು ಬಾಂಬೆ ಪ್ರಾಂತ್ಯದಲ್ಲಿ. ಹೆಂಡತಿ ಜ್ಞಾನದಾನಂದಿನಿ ಜೊತೆಗೆ ಬಂದರು. ಬಂಗಾಲದ ಒಳಮನೆಯಲ್ಲಿ ಉಡುತ್ತಿದ್ದ ಒಂದೇ ತುಂಡಿನ ಸೀರೆಯಲ್ಲಿ ಹೊರಗಿನ ಸಭೆ ಸಮಾರಂಭಕ್ಕೆ ಹೋಗುವಂತಿರಲಿಲ್ಲ. ಇಲ್ಲಿನ ಪಾರ್ಸಿ ಹೆಂಗಸರು ಸೀರೆ ಉಡುವ ರೀತಿಯನ್ನು ನೋಡಿ ಕಲಿತು, ತಮಗೆ ಬೇಕಾದಂತೆ ಬದಲಾಯಿಸಿಕೊಂಡು, ಲಂಗ ಮತ್ತು ರವಿಕೆಯ ಜೊತೆ ಕಲ್ಕತ್ತೆಗೆ ಒಯ್ದರು. ಅಲ್ಲಿನ ಬ್ರಾಹ್ಮ ಸಮಾಜದ ಹೆಂಗಸರು ಅದನ್ನು ಹಿಡಿದುಕೊಂಡರು. ಅಂದರೆ ಇವತ್ತು ಹಳೆಯ ಪದ್ಧತಿ ಅಂತ ನಾವು ತಲೆಬಾಗುವ ಉಡುಗೆ ಒಂದು ಕಾಲದಲ್ಲಿ ಮನೆಯಿಂದ ಹೊರಗೆ ಹೋಗಲು ಮಾಡಿಕೊಂಡ ಹೊಸ ಫ್ಯಾಷನ್. ಆಗಲೂ ಅದನ್ನು ನೋಡಿ ಮೂಗು ಮುರಿದವರು ಇದ್ದರು.

ನಮ್ಮ ಕನ್ನಡ ನಾಡಲ್ಲೇ ಒಂದು ರೀತಿ ಇದೆಯಾ? ಉತ್ತರ ಕರ್ನಾಟಕದ ಅಜ್ಜಿಯರು ಇಳಕಲ್ ಸೀರೆಯನ್ನು ಕಚ್ಚೆ ಹಾಕಿ ಉಡುತ್ತಿದ್ದರು. ಕೊಡಗಿನವರ ನೆರಿಗೆ ಹಿಂದೆ. ಉತ್ತರ ಕನ್ನಡದ ಹಾಲಕ್ಕಿ ಒಕ್ಕಲಿಗರ ಹಿರಿಯ ಹೆಂಗಸರು ರವಿಕೆಯನ್ನೇ ತೊಡುವುದಿಲ್ಲ. ಕತ್ತಿನ ತುಂಬ ಮಣಿಸರ, ಮೇಲೆ ಸೀರೆ. 2021ರ ನವೆಂಬರ್‌ನಲ್ಲಿ ತುಳಸಿ ಗೌಡ ಅವರು ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ತೆಗೆದುಕೊಂಡದ್ದು ಬರಿಗಾಲಲ್ಲಿ, ತಮ್ಮ ಸಮುದಾಯದ ಉಡುಗೆಯಲ್ಲೇ. ಆ ಫೋಟೋವನ್ನು ಹೆಮ್ಮೆಯಿಂದ ಹಂಚಿದವರಲ್ಲಿ ಎಷ್ಟೋ ಮಂದಿ ತಮ್ಮ ಮಗಳು ತೋಳಿಲ್ಲದ ರವಿಕೆ ಹೊಲಿಸಿದರೆ ಒಪ್ಪುವುದಿಲ್ಲ. ನಾನು ಇದನ್ನು ಚುಚ್ಚಲು ಹೇಳುತ್ತಿಲ್ಲ. ಹಳೆಯದು ಎಂಬ ಕಾರಣ ನಾವು ಕೊಡುತ್ತೇವಲ್ಲ, ಅದು ನಿಜವಾದ ಕಾರಣ ಅಲ್ಲ ಅಂತ ಹೇಳುತ್ತಿದ್ದೇನೆ.

ಸಂಪ್ರದಾಯ ಎಷ್ಟು ಬೇಗ ಹುಟ್ಟಬಹುದು ಅಂತ ನೋಡಬೇಕಾದರೆ ನವರಾತ್ರಿಯಲ್ಲಿ ಲೋಕಲ್ ಹತ್ತಿ. ಇವತ್ತು ಇಡೀ ಲೇಡೀಸ್ ಡಬ್ಬಿ ಹಳದಿ, ನಾಳೆ ಹಸಿರು, ನಾಡಿದ್ದು ಬೂದು. ದೇವಿಯ ಒಂಬತ್ತು ರೂಪಕ್ಕೆ ಒಂಬತ್ತು ಬಣ್ಣ ಅಂತ ಈಗ ಎಲ್ಲರೂ ನಂಬುತ್ತಾರೆ. ಪುರಾಣದಲ್ಲಿ ಹುಡುಕಬೇಡಿ. ಈ ಶತಮಾನದ ಶುರುವಿನಲ್ಲಿ ಮುಂಬೈಯ ಒಂದು ಮರಾಠಿ ಪತ್ರಿಕೆ ಓದುಗರನ್ನು ಸೆಳೆಯಲು ಪ್ರಚಾರ ಮಾಡಿ ಬೆಳೆಸಿದ ಪದ್ಧತಿ ಇದು. ಹೆಚ್ಚಿನ ಬಣ್ಣಗಳು ವಾರದ ಲೆಕ್ಕದಲ್ಲಿ ಬರುತ್ತವೆ: ಸೋಮವಾರ ಬಿಳಿ, ಮಂಗಳವಾರ ಕೆಂಪು, ಗುರುವಾರ ಹಳದಿ, ಶುಕ್ರವಾರ ಹಸಿರು. ಆಫೀಸಿನ ಗೆಳತಿಯರು ಬಣ್ಣ ಹೊಂದಿಸಿ ಫೋಟೋ ತೆಗೆಸಿಕೊಳ್ಳುವುದು ಚೆಂದವೇ, ನನಗೂ ಇಷ್ಟ. ಆದರೆ ಬೂದು ಬಣ್ಣದ ದಿನ ನೀಲಿ ಹಾಕಿಕೊಂಡು ಬಂದವಳಿಗೆ "ಯಾಕೆ, ಮರೆತ್ಯಾ?" ಅಂತ ಹತ್ತು ಜನ ಕೇಳುತ್ತಾರೆ. ಇಪ್ಪತ್ತು ಚಿಲ್ಲರೆ ವರ್ಷದಲ್ಲಿ ಪ್ರಚಾರ ಪದ್ಧತಿಯಾಗಿ, ಪದ್ಧತಿ ಕಡ್ಡಾಯವಾಗಿದೆ.

ರೈಲು ಬದಲಾಯಿಸಿದ್ದು

ಮುಂಬೈ ಹೆಂಗಸರ ಬಟ್ಟೆಯನ್ನು ಬದಲಾಯಿಸಿದ್ದು ಭಾಷಣಕ್ಕಿಂತ ಹೆಚ್ಚಾಗಿ ಲೋಕಲ್ ರೈಲು. ಚಲಿಸುವ ಡಬ್ಬಿಗೆ ಹಾರುವವಳಿಗೆ ನೆರಿಗೆ ಅಡ್ಡಿ, ಸೆರಗು ಯಾರದ್ದೋ ಬ್ಯಾಗಿನ ಜಿಪ್ಪಿಗೆ ಸಿಕ್ಕಿಕೊಳ್ಳುತ್ತದೆ. ಇಲ್ಲಿ ಮರಾಠಿಯವರು ಪಂಜಾಬಿ ಡ್ರೆಸ್ ಅಂತ ಕರೆಯುವ ಚೂಡಿದಾರ ಬಂದಾಗ ಕೆಲಸಕ್ಕೆ ಹೋಗುವ ಹೆಂಗಸರು ಅದನ್ನು ಬಿಗಿಯಾಗಿ ಹಿಡಿದುಕೊಂಡರು. ಮನೆಯವರನ್ನು ಒಪ್ಪಿಸಿದ ಮಾತು ಸಮಾನತೆ ಅಲ್ಲ. "ಟ್ರೇನಲ್ಲಿ ಬೀಳ್ತೀನಿ, ಆಮೇಲೆ ನೀವೇ ನೋಡ್ಕೊಳ್ಳಿ" ಎಂಬ ಮಾತು. ನಮ್ಮಲ್ಲಿ ನಿಯಮ ಸಡಿಲವಾಗುವುದು ಹೀಗೇ. ಅಪಾಯ ಅಥವಾ ಸಂಬಳ, ಎರಡರಲ್ಲಿ ಒಂದು ಪಕ್ಕಕ್ಕೆ ನಿಲ್ಲಬೇಕು.

1992ರ ಮೇ 5ರಂದು ಚರ್ಚ್‌ಗೇಟ್ ಮತ್ತು ಬೊರಿವಲಿ ನಡುವೆ ಪಶ್ಚಿಮ ರೈಲ್ವೆಯ ಮೊದಲ ಲೇಡೀಸ್ ಸ್ಪೆಷಲ್ ಓಡಿತು. ಲೇಡೀಸ್ ಡಬ್ಬಿ ಒಂದು ರೀತಿಯಲ್ಲಿ ಅಲಂಕಾರದ ಕೋಣೆಯೂ ಹೌದು. ಬೆಳಗ್ಗೆ ಅಡುಗೆ, ಡಬ್ಬ, ಮಕ್ಕಳು ಅಂತ ಓಡಿ ಬಂದವಳು ಜಾಗ ಸಿಕ್ಕ ಮೇಲೆ ಕೂದಲು ಬಾಚುತ್ತಾಳೆ, ಪೌಡರ್ ಹಚ್ಚುತ್ತಾಳೆ, ಕಾಡಿಗೆ ತೀಡುತ್ತಾಳೆ. ಮಾರುವವಳು ಕೊಕ್ಕೆಗೆ ಸಾಲಾಗಿ ನೇತುಹಾಕಿದ ಟಿಕ್ಲಿ ಪಾಕೆಟ್ಟು, ಕ್ಲಿಪ್ಪು, ಸೇಫ್ಟಿ ಪಿನ್ನು ಹಿಡಿದು ಆ ನೂಕುನುಗ್ಗಲಲ್ಲೇ ದಾರಿ ಮಾಡಿಕೊಳ್ಳುತ್ತಾಳೆ. ಎಷ್ಟೋ ಮಂದಿ ಕರಿಮಣಿಗೇ ಒಂದೆರಡು ಪಿನ್ನು ಸಿಕ್ಕಿಸಿಕೊಂಡಿರುತ್ತಾರೆ. ಸೆರಗು ನಿಲ್ಲಿಸಲೂ ಬೇಕು, ಗರ್ದಿಯಲ್ಲಿ ಯಾರಾದರೂ ಕೈ ಹಾಕಿದರೆ ಚುಚ್ಚಲೂ ಬೇಕು. ಮಾಂಗಲ್ಯದ ಜೊತೆಗೇ ಆಯುಧ ನೇತಾಡುವ ಊರು ಇದು.

ಮುಂಬೈಯ ಬೀದಿ, ಪಾರ್ಕು, ಸ್ಟೇಷನ್ನುಗಳಲ್ಲಿ ಹೆಂಗಸರು ಹೇಗೆ ಓಡಾಡುತ್ತಾರೆ ಎಂದು ಶಿಲ್ಪಾ ಫಡ್ಕೆ, ಸಮೀರಾ ಖಾನ್, ಶಿಲ್ಪಾ ರಾನಡೆ ಅಧ್ಯಯನ ಮಾಡಿ 2011ರಲ್ಲಿ ಪುಸ್ತಕ ತಂದರು. ಅವರು ಕಂಡ ಮುಖ್ಯ ಸಂಗತಿ ಇದು: ಹೊರಗೆ ನಿಂತ ಹೆಂಗಸು ತನಗೆ ಅಲ್ಲಿ ಏನೋ ಕೆಲಸ ಇದೆ ಅಂತಲೂ, ತಾನು ಮರ್ಯಾದಸ್ಥ ಮನೆಯವಳು ಅಂತಲೂ ಸದಾ ತೋರಿಸುತ್ತಲೇ ಇರಬೇಕು. ಮಂಗಳಸೂತ್ರ, ಬಟ್ಟೆ, ಕೈಯಲ್ಲಿನ ಬ್ಯಾಗು, ಕಿವಿಗೆ ಹಿಡಿದ ಫೋನು, ಎಲ್ಲ ಅದಕ್ಕೆ ಬರುತ್ತದೆ. ಸುಮ್ನೆ ನಿಂತಿದ್ದೇನೆ ಅನ್ನುವ ಉತ್ತರಕ್ಕೆ ಗಂಡಸರಿಗೆ ಮಾತ್ರ ಜಾಗ. ಬಸ್ ಸ್ಟಾಪಿನಲ್ಲಿ ಹತ್ತು ನಿಮಿಷ ಒಬ್ಬಳೇ ನಿಂತು ನೋಡಿ, ಕೈ ತಾನಾಗಿ ಫೋನಿಗೆ ಹೋಗುತ್ತದೆ.

ಕಾನೂನು ಏನು ಹೇಳುತ್ತದೆ?

ಹೆಂಗಸು ಏನು ಹಾಕಬೇಕು ಎಂದು ಹೇಳುವ ಕಾನೂನು ನಮ್ಮಲ್ಲಿ ಇಲ್ಲ. ಇರುವುದು ಸಾರ್ವಜನಿಕ ಜಾಗದಲ್ಲಿ ಅಶ್ಲೀಲ ವರ್ತನೆಯ ಕಲಮು. ಹಿಂದೆ ಐಪಿಸಿ 294, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 296. ಇದರ ಜೊತೆ 1951ರ ಮಹಾರಾಷ್ಟ್ರ ಪೊಲೀಸ್ ಕಾಯ್ದೆಯ 110ನೇ ಕಲಮು ಅಸಭ್ಯ ವರ್ತನೆಯ ಬಗ್ಗೆ ಇದೆ. ಯಾವುದು ಅಸಭ್ಯ ಎಂಬುದು ಪೊಲೀಸರ ಕಣ್ಣಿಗೆ ಬಿಟ್ಟದ್ದು. 2015ರ ಆಗಸ್ಟ್‌ನಲ್ಲಿ ಮಢ್ ಐಲೆಂಡ್ ಕಡೆಯ ಹೋಟೆಲುಗಳಿಗೆ ನುಗ್ಗಿ ಜೋಡಿಗಳನ್ನು ಎಳೆದುಕೊಂಡು ಹೋದಾಗ ಬಳಸಿದ್ದು ಇದೇ ಕಲಮು.

ಕೋರ್ಟುಗಳು ಈಚೆಗೆ ಸ್ವಲ್ಪ ಬಿಡಿಸಿ ಹೇಳಿವೆ. ನಾಗಪುರ ಜಿಲ್ಲೆಯ ಒಂದು ರೆಸಾರ್ಟಿನಲ್ಲಿ ಹೆಂಗಸರು ಗಿಡ್ಡ ಬಟ್ಟೆಯಲ್ಲಿ ಕುಣಿಯುತ್ತಿದ್ದರು ಅಂತ ಹಾಕಿದ ಕೇಸನ್ನು 2023ರ ಅಕ್ಟೋಬರ್‌ನಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ ರದ್ದು ಮಾಡಿತು. ಗಿಡ್ಡ ಸ್ಕರ್ಟು ಹಾಕಿ ಕುಣಿದ ಮಾತ್ರಕ್ಕೆ ಅದು ಅಶ್ಲೀಲ ಆಗುವುದಿಲ್ಲ ಅಂತ. ಅದಕ್ಕೆ ಮೊದಲು 2021ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಎಲ್ಲ ಕೋರ್ಟುಗಳಿಗೂ ಒಂದು ಸೂಚನೆ ಕೊಟ್ಟಿತ್ತು. ಲೈಂಗಿಕ ದೌರ್ಜನ್ಯದ ಕೇಸುಗಳಲ್ಲಿ ಹೆಂಗಸಿನ ಬಟ್ಟೆ, ನಡವಳಿಕೆ, ಹಿಂದಿನ ಬದುಕಿನ ಬಗ್ಗೆ ಜಡ್ಜುಗಳು ಮಾತಾಡಬಾರದು. ಮಧ್ಯಪ್ರದೇಶ ಹೈಕೋರ್ಟು ಆರೋಪಿಗೆ "ದೂರು ಕೊಟ್ಟವಳ ಕೈಯಿಂದ ರಾಖಿ ಕಟ್ಟಿಸಿಕೊಂಡು ಬಾ" ಅಂತ ಜಾಮೀನಿನ ಷರತ್ತು ಹಾಕಿತ್ತು. ಅದನ್ನು ರದ್ದು ಮಾಡುವಾಗ ಹೇಳಿದ್ದು ಇದು.

ರಸ್ತೆಯಲ್ಲಿ ಯಾರಾದರೂ ಬಟ್ಟೆ ನೋಡಿ ಕೊಳಕು ಮಾತಾಡಿದರೆ, ಸನ್ನೆ ಮಾಡಿದರೆ ನ್ಯಾಯ ಸಂಹಿತೆಯ 79ರಲ್ಲಿ ಮೂರು ವರ್ಷದವರೆಗೆ ಶಿಕ್ಷೆ ಇದೆ. ಹಿಂಬಾಲಿಸಿದರೆ 78. ಈ ಕಲಮುಗಳಲ್ಲಿ ಅವಳು ಏನು ಹಾಕಿಕೊಂಡಿದ್ದಳು ಎಂಬ ಪ್ರಶ್ನೆಯೇ ಇಲ್ಲ. ಠಾಣೆಯ ಬೆಂಚಿನ ಮೇಲೆ ಯಾರಾದರೂ ಆ ಪ್ರಶ್ನೆ ಕೇಳಿದರೆ ಅದು ಕಾನೂನಿನದ್ದಲ್ಲ, ಕೇಳುವವರ ಮನೆಯದ್ದು.

ಬಟ್ಟೆಯ ಹೆಸರಿನಲ್ಲಿ ಬೇರೆ ಏನನ್ನೋ ಹಿಡಿಯುವ ಚಾಳಿ ಈ ನಗರಕ್ಕೆ ಹಳೆಯದು. 2005ರಲ್ಲಿ ಮಹಾರಾಷ್ಟ್ರ ಸರ್ಕಾರ ಡಾನ್ಸ್ ಬಾರುಗಳನ್ನು ನಿಷೇಧಿಸಿತು. ಆ ಬಾರುಗಳ ಮಾಲೀಕರಲ್ಲಿ ನಮ್ಮ ಕರಾವಳಿಯವರೂ ಇದ್ದರು, ಅದನ್ನು ಮುಚ್ಚಿಡುವುದೇಕೆ. ಅಲ್ಲಿ ಕುಣಿಯುತ್ತಿದ್ದವರ ಬಟ್ಟೆ ಹೆಚ್ಚಾಗಿ ಘಾಘ್ರಾ ಚೋಲಿ ಅಥವಾ ಸೀರೆ. ತ್ರೀ ಸ್ಟಾರ್ ಮತ್ತು ಅದಕ್ಕೂ ಮೇಲಿನ ಹೋಟೆಲುಗಳಿಗೆ ನಿಷೇಧದಿಂದ ವಿನಾಯಿತಿ ಇತ್ತು. ಬಡವರು ನೋಡಿದರೆ ನೀತಿ ಕೆಡುತ್ತದೆ, ಶ್ರೀಮಂತರು ನೋಡಿದರೆ ಕೆಡುವುದಿಲ್ಲವೇ? 2006ರಲ್ಲಿ ಹೈಕೋರ್ಟು ನಿಷೇಧವನ್ನು ತಳ್ಳಿಹಾಕಿತು. 2013ರಲ್ಲಿ ಸುಪ್ರೀಂ ಕೋರ್ಟ್ ಹೈಕೋರ್ಟಿನ ಆ ತೀರ್ಪನ್ನೇ ಎತ್ತಿಹಿಡಿಯಿತು. ಅದೇ 2013ರಲ್ಲಿ ಮುಂಬೈ ಮಹಾನಗರಪಾಲಿಕೆಯ ಸಭೆ ಇನ್ನೊಂದು ನಿರ್ಣಯ ಮಾಡಿತು. ಅಂಗಡಿಯ ಮುಂದೆ ಒಳಉಡುಪು ಹಾಕಿ ನಿಲ್ಲಿಸುವ ಬೊಂಬೆಗಳನ್ನು ತೆಗೆಸಬೇಕಂತೆ, ಅವು ಗಂಡಸರ ಮನಸ್ಸು ಕೆಡಿಸುತ್ತವಂತೆ. ಕೊನೆಗೆ ಪ್ಲಾಸ್ಟಿಕ್ಕಿಗೂ ಸೆರಗು ಹೊದೆಸುವ ಹಂತಕ್ಕೆ ಬಂದೆವು.

ಬೋರ್ಡು ಹಾಕಿದ ನಿಯಮಗಳು

ಕಾನೂನು ಬೇರೆ, ಸಂಸ್ಥೆಯ ನಿಯಮ ಬೇರೆ. ಪ್ರಭಾದೇವಿಯ ಸಿದ್ಧಿವಿನಾಯಕ ದೇವಸ್ಥಾನ 2025ರ ಜನವರಿಯಲ್ಲಿ ಗಿಡ್ಡ ಸ್ಕರ್ಟು, ಹರಿದ ಜೀನ್ಸು ಹಾಕಿ ಬರಬಾರದು ಅಂತ ಪ್ರಕಟಿಸಿತು. ಇದು ಗಂಡಸರಿಗೂ ಅನ್ವಯ. ನಮ್ಮ ಕರಾವಳಿಯ ಎಷ್ಟೋ ದೇವಸ್ಥಾನಗಳಲ್ಲಿ ಗಂಡಸರು ಅಂಗಿ ಬಿಚ್ಚಿ ಒಳಗೆ ಹೋಗಬೇಕು. ದೇವರ ಮುಂದೆ ಒಬ್ಬರಿಗೆ ಬಿಚ್ಚುವುದು ಗೌರವ, ಇನ್ನೊಬ್ಬರಿಗೆ ಮುಚ್ಚುವುದು ಗೌರವ.

2024ರ ಮಾರ್ಚ್‌ನಲ್ಲಿ ಮಹಾರಾಷ್ಟ್ರ ಸರ್ಕಾರ ಶಿಕ್ಷಕರಿಗೂ ನಿಯಮ ತಂದಿತು. ಟೀಚರುಗಳಿಗೆ ಸೀರೆ, ಇಲ್ಲದಿದ್ದರೆ ದುಪಟ್ಟಾ ಸಹಿತ ಚೂಡಿದಾರ. ಮಾಸ್ತರರು ಶರ್ಟನ್ನು ಪ್ಯಾಂಟಿನೊಳಗೆ ಸಿಕ್ಕಿಸಬೇಕು. ಜೀನ್ಸು, ಟೀ ಶರ್ಟು ಇಬ್ಬರಿಗೂ ಬೇಡ. ಅದೇ ವರ್ಷ ಚೆಂಬೂರಿನ ಒಂದು ಕಾಲೇಜು ಹಿಜಾಬ್, ಟೋಪಿ, ಬ್ಯಾಡ್ಜುಗಳನ್ನು ನಿಷೇಧಿಸಿತು. ವಿದ್ಯಾರ್ಥಿನಿಯರು ಹೈಕೋರ್ಟಿಗೆ ಹೋದರು, ಜೂನ್‌ನಲ್ಲಿ ಅರ್ಜಿ ವಜಾ ಆಯಿತು. ಆಗಸ್ಟ್ 9ರಂದು ಸುಪ್ರೀಂ ಕೋರ್ಟ್ ಆ ನಿಯಮಕ್ಕೆ ಭಾಗಶಃ ತಡೆ ಕೊಟ್ಟಿತು. ತರಗತಿಯೊಳಗೆ ಬುರ್ಖಾ ಬೇಡ ಅಂತಲೂ ಹೇಳಿತು. ಹಣೆಯ ತಿಲಕ, ಬಿಂದಿಯನ್ನೂ ನಿಷೇಧಿಸುತ್ತೀರಾ ಅಂತ ಅವತ್ತು ಕೋರ್ಟು ಕಾಲೇಜನ್ನು ಕೇಳಿತು. ಕರ್ನಾಟಕದ ಹಿಜಾಬ್ ಪ್ರಕರಣದಲ್ಲಿ 2022ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಬೇರೆ ಬೇರೆ ತೀರ್ಪು ಕೊಟ್ಟದ್ದು ನೆನಪಿರಬಹುದು. ಹಾಕು ಅಂತ ಬಲವಂತ ಮಾಡುವುದು, ತೆಗೆ ಅಂತ ಬಲವಂತ ಮಾಡುವುದು, ಎರಡರಲ್ಲೂ ಹುಡುಗಿಯನ್ನು ಕೊನೆಗೆ ಕೇಳುತ್ತಾರೆ.

ಕೆಲಸದ ಜಾಗದಲ್ಲಿ ನಿಯಮ ಬಟ್ಟೆಯಿಂದ ಮೈಗೇ ಇಳಿಯುತ್ತದೆ. ಏರ್ ಇಂಡಿಯಾದ ಗಗನಸಖಿಯರನ್ನು ಮೊದಲ ಬಸಿರಿಗೇ ಕೆಲಸದಿಂದ ತೆಗೆಯುವ ನಿಯಮ ಇತ್ತು. ನರ್ಗೀಶ್ ಮಿರ್ಜಾ ಪ್ರಕರಣದಲ್ಲಿ 1981ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಕಿತ್ತುಹಾಕಿತು. ಇವತ್ತು ಅಷ್ಟು ಒರಟಾಗಿ ಯಾರೂ ಬರೆಯುವುದಿಲ್ಲ. ಫ್ರಂಟ್ ಡೆಸ್ಕಿಗೆ "ಪ್ರೆಸೆಂಟೆಬಲ್" ಹುಡುಗಿ ಬೇಕು ಅಂತ ಹಾಕುತ್ತಾರೆ. ಥ್ರೆಡಿಂಗ್, ವ್ಯಾಕ್ಸಿಂಗ್, ಇಸ್ತ್ರಿ, ಲಿಪ್‌ಸ್ಟಿಕ್ಕಿನ ಖರ್ಚು ಅವಳದ್ದೇ ಸಂಬಳದಲ್ಲಿ.

ಹಣೆಯ ಬೊಟ್ಟು

ನನ್ನ ಮಟ್ಟಿಗೆ ಈ ಎಲ್ಲ ನಿಯಮಗಳಲ್ಲಿ ಅತ್ಯಂತ ಕ್ರೂರವಾದದ್ದು ಸ್ಕರ್ಟಿನದ್ದಲ್ಲ, ವಿಧವೆಯ ಹಣೆಯದ್ದು. ಜೀನ್ಸಿನ ಜಗಳ ವಯಸ್ಸಾದಂತೆ ಮುಗಿಯುತ್ತದೆ. ಇದು ಶುರುವಾದರೆ ಸಾಯುವವರೆಗೆ.

ಸಂಕ್ರಾಂತಿಯಿಂದ ರಥಸಪ್ತಮಿವರೆಗೆ ಮುಂಬೈಯಲ್ಲಿ ಹಳದಿ ಕುಂಕುಮದ ಸುಗ್ಗಿ. ನಮ್ಮವರ ಸಂಘಗಳಲ್ಲೂ ಅರಿಶಿನ ಕುಂಕುಮ ನಡೆಯುತ್ತದೆ. ಎಳ್ಳು ಬೆಲ್ಲ, ಹಾಡು, ಆಟ, ಸ್ಟೀಲಿನ ಡಬ್ಬಿಯ ಉಡುಗೊರೆ. ಹೆಂಗಸರು ಹೆಂಗಸರಿಗಾಗಿಯೇ ಮಾಡುವ ಒಂದು ಹಬ್ಬ. ಅದಕ್ಕೇ ಗಂಡ ಸತ್ತವರನ್ನು ಕರೆಯುವುದಿಲ್ಲ. ಹಿಂದಿನ ವರ್ಷ ಎಲ್ಲರಿಗೂ ಕುಂಕುಮ ಹಚ್ಚಿ ಓಡಾಡಿದವಳು ಈ ವರ್ಷ ಮನೆಯಲ್ಲಿ ಟೀವಿ ಮುಂದೆ.

ಬಣ್ಣದ ಸೀರೆ ಉಡುವಂತಿಲ್ಲ ಎಂಬ ನಿಯಮ ನಗರದಲ್ಲಿ ಹೆಚ್ಚೂಕಡಿಮೆ ಬಿದ್ದುಹೋಗಿದೆ. ಕೆಲಸಕ್ಕೆ ಹೋಗುವವಳಿಗೆ ಅದು ನಡೆಯುವುದೂ ಇಲ್ಲ. ಆದರೆ ಕುಂಕುಮದ ತಟ್ಟೆ ಹಿಡಿದವರ ಕೈ ಅವಳ ಮುಂದೆ ಬಂದಾಗ ಒಂದು ಕ್ಷಣ ತಡೆಯುತ್ತದೆ. ಬೊಟ್ಟು ಬೇಕಾದರೆ ಕಪ್ಪು ಸ್ಟಿಕ್ಕರ್ ಇಟ್ಟುಕೋ, ಕೆಂಪು ಬೇಡ ಅನ್ನುವ ರಾಜಿ ಬೇರೆ. ಯಾರು ಕಂಡುಹಿಡಿದರೋ!

2022ರ ಮೇ ತಿಂಗಳಲ್ಲಿ ಕೊಲ್ಹಾಪುರ ಜಿಲ್ಲೆ ಶಿರೋಳ ತಾಲ್ಲೂಕಿನ ಹೇರವಾಡ ಗ್ರಾಮ ಪಂಚಾಯಿತಿ ಒಂದು ನಿರ್ಣಯ ಮಾಡಿತು. ನಮ್ಮ ಬೆಳಗಾವಿ ಗಡಿಯಿಂದ ದೂರವೇನಲ್ಲ ಆ ಊರು. ಗಂಡ ಸತ್ತಾಗ ಬಳೆ ಒಡೆಯುವುದು, ಕುಂಕುಮ ಅಳಿಸುವುದು, ಮಂಗಳಸೂತ್ರ ಮತ್ತು ಕಾಲುಂಗುರ ತೆಗೆಸುವುದು ಇನ್ನು ಈ ಊರಲ್ಲಿ ಇಲ್ಲ ಅಂತ. ಅದೇ ತಿಂಗಳು ರಾಜ್ಯ ಸರ್ಕಾರ ಉಳಿದ ಪಂಚಾಯಿತಿಗಳೂ ಇದನ್ನು ಅನುಸರಿಸಲಿ ಅಂತ ಸುತ್ತೋಲೆ ಕಳಿಸಿತು. ಸುತ್ತೋಲೆ ಅಷ್ಟೇ, ಕಾನೂನಲ್ಲ. ಪಾಲಿಸದಿದ್ದರೆ ಶಿಕ್ಷೆಯಿಲ್ಲ. ಮುಂಬೈ ಪಾಲಿಕೆಯ ಊರಾದ್ದರಿಂದ ಗ್ರಾಮ ಪಂಚಾಯಿತಿಯ ಸುತ್ತೋಲೆ ನಮ್ಮ ಬಿಲ್ಡಿಂಗುಗಳಿಗೆ ಬರುವುದೂ ಇಲ್ಲ.

ಆದರೆ ಬರುವ ಜನವರಿಯ ಆಮಂತ್ರಣ ಪತ್ರಿಕೆಯಲ್ಲಿ "ಸುಮಂಗಲಿಯರು" ಅನ್ನುವ ಕಡೆ "ಎಲ್ಲ ಮಹಿಳೆಯರು" ಅಂತ ಹಾಕಿಸಲು ಸರ್ಕಾರದ ಅಪ್ಪಣೆ ಯಾಕೆ ಬೇಕು? ಪ್ರಿಂಟಿಗೆ ಹೋಗುವ ಮೊದಲು ಸಂಘದ ಮಹಿಳಾ ವಿಭಾಗದವರು ಒಂದು ಸಾಲು ತಿದ್ದಬೇಕು. ಪ್ರೂಫ್ ಸಾಮಾನ್ಯವಾಗಿ ಡಿಸೆಂಬರ್‌ನಲ್ಲೇ ಬರುತ್ತದೆ.